ಕಾಸ್ಮೆಟಿಕ್ ಸರ್ಜರಿಯಲ್ಲಿ ರಕ್ತಸ್ರಾವ ತಗ್ಗಿಸುವ ಔಷಧ: ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ತಿಳಿದಿರಬೇಕಾದ್ದು

ಓದುಗರ ಪ್ರಶ್ನೆ: "ಮಗಳಿಗೆ ಮುಂದಿನ ತಿಂಗಳು ಮೂಗಿನ ಸರ್ಜರಿ ಇದೆ. ರಕ್ತ ಹೆಚ್ಚು ಹೋಗದಂತೆ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೊಡುತ್ತೇವೆ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದು ನೋಡಿದರೆ, ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುತ್ತದೆಂದು ಅವಳು ತೆಗೆದುಕೊಳ್ಳುವ ಮಾತ್ರೆಯ ಮೇಲೂ ಅದೇ ಹೆಸರಿದೆ. ಎರಡೂ ಒಂದೇನಾ? ರಕ್ತ ಗಟ್ಟಿಯಾಗಿ ಹಾರ್ಟಿಗೆ ತೊಂದರೆ ಆಗುವುದಿಲ್ಲವೇ?"

ಹೌದು, ಎರಡೂ ಒಂದೇ ಔಷಧ. ಈ ಮಾತ್ರೆಯ ವಿಷಯ ನಿಮ್ಮ ಸರ್ಜನ್‌ಗೆ ಗೊತ್ತಿದೆಯೇ ಎಂಬುದೇ ಇಲ್ಲಿ ಮುಖ್ಯ. ಸಲಹೆಗೆ ಹೋದಾಗ "ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ, ತಿಂಗಳಿಗೆ ಮೂರು ನಾಲ್ಕು ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ ಹೆಚ್ಚಿನವರಿಗೆ ನೆನಪಿಗೇ ಬರುವುದಿಲ್ಲ.

ಈ ಔಷಧ ಏನು ಮಾಡುತ್ತದೆ?

ಔಷಧದ ಮಾಹಿತಿಯನ್ನು ಕನ್ನಡಕ್ಕೆ ತರುವಾಗ ನನಗೆ ತೊಡಕು ಕೊಡುವ ಪದಗಳಲ್ಲಿ 'ಹೆಪ್ಪು' ಒಂದು. 'ರಕ್ತ ಹೆಪ್ಪುಗಟ್ಟಿಸುವ ಔಷಧ' ಎಂದು ಬರೆದರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಮೈಯಲ್ಲಿರುವ ರಕ್ತವೆಲ್ಲ ಗಟ್ಟಿಯಾಗುತ್ತದೆ ಎಂದು ಓದುವವರು ಹೆದರುತ್ತಾರೆ. ಟ್ರಾನೆಕ್ಸಾಮಿಕ್ ಆಸಿಡ್ ಹಾಗೆ ಮಾಡುವುದಿಲ್ಲ.

ಗಾಯವಾದ ಜಾಗದಲ್ಲಿ ದೇಹ ತಾನೇ ಫೈಬ್ರಿನ್ ಎಂಬ ಎಳೆಗಳ ಬಲೆ ಹೆಣೆದು ರಕ್ತವನ್ನು ತಡೆಯುತ್ತದೆ. ಅದರ ಜೊತೆಗೇ, ಆ ಬಲೆಯನ್ನು ಕತ್ತರಿಸಿ ಕರಗಿಸುವ ಪ್ಲಾಸ್ಮಿನ್ ಎಂಬ ಕಿಣ್ವವೂ ಕೆಲಸಕ್ಕೆ ಇಳಿಯುತ್ತದೆ. ಸರ್ಜರಿಯ ಹೊತ್ತಿನಲ್ಲಿ ಈ ಕತ್ತರಿ ಚುರುಕಾದರೆ, ನಿಂತ ರಕ್ತ ಮತ್ತೆ ಜಿನುಗತೊಡಗುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಆ ಕತ್ತರಿ ಬಲೆಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ಎಂದರೆ ಅದು ಹೊಸ ಹೆಪ್ಪನ್ನು ಮಾಡುವುದಿಲ್ಲ, ಆಗಲೇ ಆಗಿರುವ ಹೆಪ್ಪನ್ನು ಕಾಯುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಕತ್ತರಿಸಿದ ದೊಡ್ಡ ರಕ್ತನಾಳವನ್ನು ಸರ್ಜನ್ನೇ ಮುಚ್ಚಬೇಕು. ಈ ಔಷಧದಿಂದ ಅದು ಆಗದು. ಇನ್ನೊಂದು, ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ಬೇಡದ ಹೆಪ್ಪು ಇದ್ದರೆ, ಈ ಔಷಧ ಅದನ್ನೂ ಕಾಯಬಹುದು. ಎಚ್ಚರಿಕೆ ಬೇಕಿರುವುದು ಅದಕ್ಕೇ.

ಇದು ಹೊಸ ಔಷಧವಲ್ಲ. ಜಪಾನಿನ ಉಟಾಕೊ ಒಕಮೊಟೊ ಮತ್ತು ಅವರ ಪತಿ ಶೊಸುಕೆ ಒಕಮೊಟೊ ಇದರ ಬಗ್ಗೆ 1962ರಲ್ಲೇ ಪ್ರಕಟಿಸಿದ್ದರು. ಅಪಘಾತದ ಗಾಯ, ಹೆರಿಗೆಯ ನಂತರದ ರಕ್ತಸ್ರಾವ, ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಗಳಲ್ಲಿ ಈಗ ವ್ಯಾಪಕವಾಗಿ ಬಳಕೆಯಲ್ಲಿದೆ.

ಕಾಸ್ಮೆಟಿಕ್ ಸರ್ಜರಿಯಲ್ಲಿ ಯಾಕೆ?

ಇಂಥ ಸರ್ಜರಿಗಳಲ್ಲಿ ರಕ್ತ ಕೊಡಬೇಕಾಗುವಷ್ಟು ಸ್ರಾವ ಅಪರೂಪ. ಇಲ್ಲಿನ ತೊಂದರೆ ಸಣ್ಣಗೆ ಜಿನುಗುವ ರಕ್ತದ್ದು. ಅದರಿಂದ ಸರ್ಜನ್‌ಗೆ ಕೆಲಸದ ಜಾಗ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಬಾವು ಬರುತ್ತದೆ, ಚರ್ಮ ನೀಲಿಗಟ್ಟುತ್ತದೆ, ಕೆಲವೊಮ್ಮೆ ಚರ್ಮದ ಕೆಳಗೆ ರಕ್ತ ಶೇಖರವಾಗುತ್ತದೆ.

ಮೂಗಿನ ಸರ್ಜರಿಯಲ್ಲಿ ಮೂಳೆ ಕತ್ತರಿಸಿದಾಗ ಕಣ್ಣಿನ ಸುತ್ತ ಊದಿ ನೀಲಿಯಾಗುವುದುಂಟು. ಈ ಔಷಧ ಕೊಟ್ಟಾಗ ಮೊದಲ ಕೆಲವು ದಿನಗಳಲ್ಲಿ ಅದು ಕಡಿಮೆ ಇರುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಸ್ತನದ ಗಾತ್ರ ತಗ್ಗಿಸುವ ಸರ್ಜರಿಯಲ್ಲಿ, 2015ರಲ್ಲಿ ನಾರ್ವೆಯ ವೈದ್ಯರು 28 ಮಹಿಳೆಯರ ಒಂದು ಸ್ತನದ ಗಾಯಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ದ್ರಾವಣವನ್ನೂ ಇನ್ನೊಂದಕ್ಕೆ ಬರೀ ಸಲೈನನ್ನೂ ಹಚ್ಚಿ ಹೋಲಿಸಿದರು. ಔಷಧ ಹಚ್ಚಿದ ಕಡೆ ಡ್ರೈನ್ ಟ್ಯೂಬಿನಿಂದ ಬಂದ ದ್ರವ 39% ಕಡಿಮೆ ಇತ್ತು.

ಔಷಧ ಕೊಡುವ ದಾರಿಗಳು ಮೂರು:

• ರಕ್ತನಾಳಕ್ಕೆ ಇಂಜೆಕ್ಷನ್: ಸಾಮಾನ್ಯವಾಗಿ ಸರ್ಜರಿ ಶುರುವಾಗುವ ಮುನ್ನ, 1 ಗ್ರಾಂ ಅಥವಾ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ. ಸುಮಾರು 10 ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡುತ್ತಾರೆ. ಬೇಗ ಕೊಟ್ಟರೆ ಬಿಪಿ ಇಳಿಯಬಹುದು.
• ಗಾಯದ ಮೇಲೆ: ದ್ರಾವಣದಲ್ಲಿ ನೆನೆಸಿದ ಗಾಜ್ ಬಟ್ಟೆ ಇಟ್ಟು ಅಥವಾ ಗಾಯವನ್ನು ತೊಯ್ಯಿಸಿ.
• ಚರ್ಮದ ಕೆಳಗೆ: ಲೈಪೊಸಕ್ಷನ್, ಫೇಸ್‌ಲಿಫ್ಟ್‌ಗಳಲ್ಲಿ ಮರಗಟ್ಟಿಸುವ ಔಷಧದ ಜೊತೆ. ಆ ದ್ರಾವಣದಲ್ಲಿರುವ ಅಡ್ರಿನಲಿನ್ ರಕ್ತನಾಳವನ್ನು ಕುಗ್ಗಿಸುತ್ತದೆ. ಅದರ ಪ್ರಭಾವ ಇಳಿದ ಮೇಲೆ ರಕ್ತ ಮತ್ತೆ ಜಿನುಗಬಹುದು. ಟ್ರಾನೆಕ್ಸಾಮಿಕ್ ಆಸಿಡ್ ಬೇರೆ ರೀತಿ ಕೆಲಸ ಮಾಡುವುದರಿಂದ ಎರಡನ್ನೂ ಸೇರಿಸುತ್ತಾರೆ.

ಔಷಧದ ಲೇಬಲ್‌ನಲ್ಲಿ ಸಾಮಾನ್ಯವಾಗಿ ಕಾಸ್ಮೆಟಿಕ್ ಸರ್ಜರಿಯ ಹೆಸರು ಇರುವುದಿಲ್ಲ. ವೈದ್ಯರು ತಮ್ಮ ತಿಳಿವಳಿಕೆಯ ಮೇಲೆ ಲೇಬಲ್‌ನಾಚೆಗೆ ಬಳಸುತ್ತಾರೆ. ಅದು ತಪ್ಪಲ್ಲ; ಆದರೆ ಯಾಕೆ ಕೊಡುತ್ತಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಹಾರ್ಟಿಗೆ ತೊಂದರೆ ಆಗುತ್ತದೆಯೇ?

ಹೃದಯ ಬಿಟ್ಟು ಬೇರೆ ಅಂಗಗಳ ಶಸ್ತ್ರಚಿಕಿತ್ಸೆಗೆ ಒಳಗಾದ 9,535 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅವರೆಲ್ಲ 45 ದಾಟಿದವರು, ರಕ್ತಸ್ರಾವ ಮತ್ತು ಹೃದಯದ ತೊಂದರೆಯ ಅಪಾಯ ಇದ್ದವರು. ಗಂಭೀರ ರಕ್ತಸ್ರಾವ ಔಷಧ ಪಡೆದವರಲ್ಲಿ 9.1%, ಪಡೆಯದವರಲ್ಲಿ 11.7%. ಹೃದಯ ಮತ್ತು ರಕ್ತನಾಳದ ತೊಂದರೆಗಳು ಕ್ರಮವಾಗಿ 14.2% ಮತ್ತು 13.9%. ವ್ಯತ್ಯಾಸ ಚಿಕ್ಕದು. ಆದರೂ ಸಂಶೋಧಕರು ಮೊದಲೇ ಹಾಕಿಕೊಂಡಿದ್ದ ಅಳತೆಯಂತೆ 'ಅಪಾಯ ಹೆಚ್ಚುವುದಿಲ್ಲ' ಎಂದು ಖಚಿತವಾಗಿ ಹೇಳಲು ಅದು ಸಾಲಲಿಲ್ಲ.

ಕಾಸ್ಮೆಟಿಕ್ ಸರ್ಜರಿ ಮಾಡಿಸಿಕೊಳ್ಳುವವರು ಹೆಚ್ಚಾಗಿ ಅವರಿಗಿಂತ ಆರೋಗ್ಯವಂತರು, ಹಾಗಾಗಿ ಅವರ ಅಪಾಯವೂ ಕಡಿಮೆ. ಆದರೆ ಈ ಸರ್ಜರಿಗಳಲ್ಲೇ ನಡೆದ ಅಧ್ಯಯನಗಳು ಸಣ್ಣವು. ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಅವುಗಳಲ್ಲಿ ಕಾಣಿಸಿಕೊಳ್ಳದೇ ಹೋಗಬಹುದು. ಆದ್ದರಿಂದ ನಿಮ್ಮ ಹಿನ್ನೆಲೆಯನ್ನು ಪೂರ್ತಿ ಹೇಳುವುದು ಮುಖ್ಯ.

ಸರ್ಜನ್‌ಗೆ ಮತ್ತು ಅರಿವಳಿಕೆ ತಜ್ಞರಿಗೆ ಹೇಳಲೇಬೇಕಾದವು

• ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು, ಪಾರ್ಶ್ವವಾಯು, ಹೃದಯಾಘಾತ ಆಗಿದ್ದರೆ, ಸ್ಟೆಂಟ್ ಹಾಕಿದ್ದರೆ. ಹತ್ತಿರದ ರಕ್ತಸಂಬಂಧಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಹೆಪ್ಪಿನ ತೊಂದರೆ ಬಂದಿದ್ದರೆ.
• ಗರ್ಭನಿರೋಧಕ ಮಾತ್ರೆ ಅಥವಾ ಹಾರ್ಮೋನ್ ಚಿಕಿತ್ಸೆ. ಈಸ್ಟ್ರೋಜೆನ್ ಇರುವ ಮಾತ್ರೆಗಳೇ ಹೆಪ್ಪಿನ ಅಪಾಯ ಹೆಚ್ಚಿಸುತ್ತವೆ. ಪಿಸಿಒಎಸ್‌ಗೆಂದೋ ಮೊಡವೆಗೆಂದೋ ಕೊಟ್ಟಿದ್ದರೂ ಹೇಳಿ. ಮದುವೆಯಾಗದ ಹೆಣ್ಣುಮಕ್ಕಳು ತಾಯಿಯ ಮುಂದೆ ಇದನ್ನು ಹೇಳಲು ಹಿಂಜರಿಯಬಹುದು. ಡಾಕ್ಟರ ಜೊತೆ ಒಬ್ಬಳೇ ಮಾತಾಡಲು ಐದು ನಿಮಿಷ ಬಿಟ್ಟುಕೊಡಿ.
• ಕಿಡ್ನಿ ತೊಂದರೆ. ಈ ಔಷಧದ ಬಹುಪಾಲು ಮೂತ್ರದಲ್ಲೇ ಹೊರಹೋಗುವುದರಿಂದ ಡೋಸ್ ಕಡಿಮೆ ಮಾಡಬೇಕಾಗುತ್ತದೆ.
• ಫಿಟ್ಸ್ ಬಂದಿದ್ದರೆ. ಹೆಚ್ಚಿನ ಡೋಸ್‌ನಲ್ಲಿ ಈ ಔಷಧ ಫಿಟ್ಸ್ ತರಬಲ್ಲದು.
• ಮುಟ್ಟಿನ ಸ್ರಾವಕ್ಕೆ ಅಥವಾ ಮುಖದ ಬಂಗಿಗೆ ಇದೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ. ಬಂಗಿಗೆ ಚರ್ಮವೈದ್ಯರು ದಿನಕ್ಕೆರಡು ಸಲ 250 ಮಿ.ಗ್ರಾಂ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುವುದುಂಟು.
• ಆಸ್ಪಿರಿನ್, ಕ್ಲೋಪಿಡೋಗ್ರೆಲ್, ನೋವಿನ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ, ಆಯುರ್ವೇದ ಔಷಧ.

ಹೃದ್ರೋಗಕ್ಕೆಂದು ಕೊಟ್ಟ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಅನ್ನು ಸರ್ಜರಿ ಇದೆಯೆಂದು ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಇದ್ದವರಿಗೆ ಅದು ಜೀವಕ್ಕೇ ಅಪಾಯ. ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ಹೃದ್ರೋಗ ತಜ್ಞರು ಹೇಳಬೇಕು.

ಮೆಡಿಕಲ್ ಶಾಪಿನಲ್ಲಿ ತಾವಾಗಿಯೇ ಕೊಳ್ಳುವವರಿಗೆ

"ಸರ್ಜರಿಗೆ ಎರಡು ದಿನ ಮೊದಲೇ ತೆಗೆದುಕೊಂಡರೆ ನೀಲಿ ಕಲೆ ಆಗುವುದಿಲ್ಲವಂತೆ" ಎಂದು ಈ ಮಾತ್ರೆ ಕೇಳುವವರಿದ್ದಾರೆ. ಇದು ವೈದ್ಯರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವವರಿಗೆ ನೀವು ನುಂಗಿದ ಮಾತ್ರೆಯ ಲೆಕ್ಕ ಸಿಗದಿದ್ದರೆ ಡೋಸ್ ಮೀರುತ್ತದೆ.

ಇನ್ನೊಂದು ಮಾತು. ಮುಟ್ಟಿಗೆ ಮಾರುವ ಹಲವು ಮಾತ್ರೆಗಳಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ 500 ಮಿ.ಗ್ರಾಂ ಜೊತೆಗೆ ಮೆಫೆನಾಮಿಕ್ ಆಸಿಡ್ 250 ಮಿ.ಗ್ರಾಂ ಕೂಡ ಇರುತ್ತದೆ. ಅದು ಹೊಟ್ಟೆನೋವಿಗೆ. ಐಬುಪ್ರೊಫೇನ್ ಗುಂಪಿಗೇ ಸೇರಿದ ಅದು ಪ್ಲೇಟ್‌ಲೆಟ್‌ಗಳ ಕೆಲಸವನ್ನು ತಗ್ಗಿಸುತ್ತದೆ. ಇಂಥ ಮಾತ್ರೆಗಳನ್ನು ಸರ್ಜರಿಗೆ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುವುದು ರೂಢಿ. ರಕ್ತ ನಿಲ್ಲಲೆಂದು ನುಂಗಿದ ಮಾತ್ರೆಯಲ್ಲೇ ರಕ್ತ ಹೆಚ್ಚಿಸಬಲ್ಲ ಇನ್ನೊಂದು ಔಷಧ ಇರಬಹುದು ಎಂದಾಯಿತು. ನಿಮ್ಮ ಮಗಳ ಮಾತ್ರೆಯ ಪಟ್ಟಿಯ ಹಿಂಭಾಗದಲ್ಲಿ ಬ್ರ್ಯಾಂಡ್ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿರುವ ಎರಡನೇ ಹೆಸರನ್ನೂ ಓದಿ ನೋಡಿ.

ಸರ್ಜರಿಯ ನಂತರ ತಡಮಾಡಬಾರದ ಲಕ್ಷಣಗಳು

• ಒಂದೇ ಕಡೆ ಬೇಗಬೇಗ ಹೆಚ್ಚುವ ಬಾವು, ಬಿಗಿತ, ನೋವು, ನಿಲ್ಲದ ರಕ್ತ. ಒಳಗೆ ರಕ್ತ ಶೇಖರವಾಗುತ್ತಿರಬಹುದು. ಈ ಔಷಧ ಕೊಟ್ಟಿದ್ದರೂ ಹೀಗಾಗಬಹುದು. ಫೇಸ್‌ಲಿಫ್ಟ್ ಆದವರಲ್ಲಿ, ಅದರಲ್ಲೂ ಬಿಪಿ ಇರುವವರಲ್ಲಿ ಹೆಚ್ಚು ಎಚ್ಚರ ಬೇಕು.
• ಒಂದು ಮೀನಖಂಡದಲ್ಲಿ ನೋವು, ಊತ.
• ಏಕಾಏಕಿ ಉಸಿರಾಟದ ತೊಂದರೆ, ಎದೆನೋವು, ಮಾತು ತೊದಲುವುದು, ಕೈಕಾಲಿನಲ್ಲಿ ಬಲ ಕುಂದುವುದು, ಫಿಟ್ಸ್.
• ದೃಷ್ಟಿ ಮಂಜಾಗುವುದು, ಬಣ್ಣ ಬೇರೆಯಾಗಿ ಕಾಣುವುದು.

ಮೊದಲನೆಯದಕ್ಕೂ ಕೊನೆಯದಕ್ಕೂ ಸರ್ಜನ್‌ಗೆ ತಕ್ಷಣ ಫೋನ್ ಮಾಡಿ. ಉಳಿದವಕ್ಕೆ ಫೋನ್ ಮಾಡುತ್ತಾ ಕೂರದೆ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಹೋಗುವ ಮುನ್ನ

ಮುಂಬೈ, ಪುಣೆ, ಚೆನ್ನೈಗಳಲ್ಲಿ ಆಸ್ಪತ್ರೆಯ ಫಾರಂ ಇಂಗ್ಲಿಷಿನಲ್ಲೋ ಅಲ್ಲಿನ ಭಾಷೆಯಲ್ಲೋ ಇರುತ್ತದೆ. ಗೊತ್ತಾಗದ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿ ಮುಂದೆ ಹೋಗಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಯಾವಾಗಲೋ ಒಮ್ಮೆ ತೆಗೆದುಕೊಳ್ಳುವುದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಆಮೇಲೆ ಈ ಮೂರನ್ನು ಕೇಳಿ: ನನಗೆ ಈ ಔಷಧ ಯಾಕೆ ಬೇಕು? ಯಾವ ದಾರಿಯಲ್ಲಿ, ಎಷ್ಟು ಕೊಡುತ್ತೀರಿ? ಇವುಗಳಲ್ಲಿ ಯಾವ ಮಾತ್ರೆಯನ್ನು ಯಾವ ದಿನದಿಂದ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು? ಉತ್ತರವನ್ನು ಬರೆದುಕೊಂಡು ಬನ್ನಿ.