ಮಾಳದ ಕಿಡಿ ಬಣವೆಗೆ ತಲುಪುವ ಮುನ್ನ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ ಉಮರ್ಗಾ, ನಿಲಂಗಾ ಹಾಗೂ ಉದಗೀರ ತಾಲೂಕುಗಳ ಮಾಳಗಳಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಜೋಳದ ರಾಶಿ ಮುಗಿದು ಕಣಿಕೆಯ ಬಣವೆಗಳು ಊರಿನ ಅಂಚಿನಲ್ಲಿ ಏಳುತ್ತವೆ. ಕಬ್ಬು ಕಡಿದ ಹೊಲಗಳಲ್ಲಿ ರವದಿ ಹರಡಿರುತ್ತದೆ. ಈ ಮೂರೂ ಬೆಂಕಿಗೆ ಸಿದ್ಧವಾದ ಉರುವಲೇ. ಆದರೂ ‘ನಮ್ಮಲ್ಲಿ ಕಾಡೇ ಇಲ್ಲ, ಕಾಳ್ಗಿಚ್ಚಿನ ಭಯವೇಕೆ?’ ಎಂದು ಪಾಲಕರು ಕೇಳುವುದುಂಟು.

ಲಾತೂರು ಜಿಲ್ಲೆಯು ಮಹಾರಾಷ್ಟ್ರದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಒಂದು ಎಂಬುದು ನಿಜ. ಆದರೆ ಬೆಂಕಿಗೆ ಮರಗಳೇ ಬೇಕೆಂದಿಲ್ಲ. ತೆಳುವಾದ ಹುಲ್ಲು ಬಿಸಿಲಿಗೆ ಬೇಗ ಒಣಗುತ್ತದೆ, ಬೇಗ ಹೊತ್ತುತ್ತದೆ. ಗಾಳಿ ಬೀಸಿದರೆ ಆ ಬೆಂಕಿ ಮನುಷ್ಯನ ಓಟವನ್ನೂ ಮೀರಬಲ್ಲದು. ಇಳಿಜಾರಿನಲ್ಲಿ ಅದು ಕೆಳಗಿಳಿಯುವುದಕ್ಕಿಂತ ವೇಗವಾಗಿ ಮೇಲೇರುತ್ತದೆ.

2019ರ ಫೆಬ್ರವರಿಯಲ್ಲಿ ಕರ್ನಾಟಕದ ಬಂಡೀಪುರದಲ್ಲಿ, ಗೋಪಾಲಸ್ವಾಮಿ ಬೆಟ್ಟದ ಸುತ್ತ, ಸುಮಾರು 4,400 ಹೆಕ್ಟೇರ್ ಅರಣ್ಯ ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ನಮ್ಮ ದೇಶದ ಕಾಳ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟುತ್ತವೆ. ನಮ್ಮ ಕಡೆಯ ಕಾರಣಗಳೂ ಅಪರಿಚಿತವಲ್ಲ: ಬದುವಿನ ಹುಲ್ಲಿಗೆ ಇಟ್ಟ ಬೆಂಕಿ, ರವದಿ ಸುಡುವ ರೂಢಿ, ಎಸೆದ ಬೀಡಿಯ ತುಂಡು, ನಂದಿಸದೆ ಬಿಟ್ಟ ಹೋಳಿಯ ಕೆಂಡ.

ಬೆಂಕಿ ಊರೊಳಗೆ ಬರುವುದು ಎರಡು ಬಗೆಯಲ್ಲಿ. ಮೊದಲನೆಯದು, ಹುಲ್ಲಿನಿಂದ ಹುಲ್ಲಿಗೆ ಹರಿದು ಬರುವುದು. ಎರಡನೆಯದು, ಗಾಳಿಯಲ್ಲಿ ಹಾರಿ ಬರುವ ಕಿಡಿ. 2018ರ ನವೆಂಬರ್‌ನಲ್ಲಿ ಅಮೆರಿಕದ ಪ್ಯಾರಡೈಸ್ ಪಟ್ಟಣವನ್ನು ನಾಶಮಾಡಿದ ಕಾಳ್ಗಿಚ್ಚು 85 ಜನರನ್ನು ಬಲಿ ಪಡೆಯಿತು; ಅಲ್ಲಿ ಜ್ವಾಲೆಗಿಂತ ಮುಂದಾಗಿ ಕಿಡಿಗಳು ಹಾರಿ ಬಂದು ಮನೆಗಳನ್ನು ಹೊತ್ತಿಸಿದ್ದವು. ನಮ್ಮೂರಲ್ಲಿ ಅಂಥ ಕಿಡಿಗೆ ಮೊದಲು ಸಿಗುವುದು ಕಣಿಕೆಯ ಬಣವೆ. ಅದು ಸುಟ್ಟರೆ ವರ್ಷದ ಮೇವು ಹೋಯಿತು. ಮೇವು ಹೋದರೆ ಎತ್ತು, ಎಮ್ಮೆ ಸಂತೆಗೆ ಹೋದವು.

‘ಸುಟ್ಟರೆ ಮಳೆಗಾಲದಲ್ಲಿ ಹುಲ್ಲು ಚೆನ್ನಾಗಿ ಬರುತ್ತದೆ’ ಎಂಬ ನಂಬಿಕೆಯಿದೆ. ಹಸಿರು ಬೇಗ ಚಿಗುರುವುದು ಹೌದು. ಆದರೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಗೂಡು ಬೂದಿಯಾಗುತ್ತದೆ, ಹೊದಿಕೆಯಿಲ್ಲದ ಮೇಲ್ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹಗಳ ಮೂಲಕ ಬೆಂಕಿಯನ್ನು ಗುರುತಿಸಿ ಎಚ್ಚರಿಕೆ ನೀಡುತ್ತದೆ. ಆದರೆ ಆ ಉಪಗ್ರಹಗಳು ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತವೆ. ಅರ್ಧ ಗಂಟೆಯಲ್ಲಿ ಉರಿದು ಮುಗಿಯುವ ಮಾಳದ ಬೆಂಕಿ ಅವುಗಳ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಮೊದಲ ಕಾವಲು ಊರಿನದೇ.

ಕೆಲಸ ದೊಡ್ಡದಲ್ಲ. ಶಾಲೆ, ಕಣ ಮತ್ತು ಬಣವೆಗಳ ಸುತ್ತ ಹತ್ತು ಅಡಿಯಾದರೂ ಹುಲ್ಲು ತೆಗೆದು ಕುಂಟೆ ಹೊಡೆದರೆ ಬೆಂಕಿ ರೇಖೆ ಸಿದ್ಧವಾಗುತ್ತದೆ. ಬಣವೆಯನ್ನು ಮನೆಗೆ ತಾಗಿಸಿ ಒಟ್ಟಬಾರದು. ರವದಿಯನ್ನು ಸುಡದೆ ಹೊಲದಲ್ಲೇ ಹೊದಿಸಿದರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಮಕ್ಕಳಿಗೆ ಇಷ್ಟನ್ನು ಕಲಿಸೋಣ: ಬೆಂಕಿ ಕಂಡರೆ ನಂದಿಸಲು ಹೋಗದೆ ಹಿರಿಯರನ್ನು ಕೂಗಬೇಕು, ದಿಣ್ಣೆ ಏರಬಾರದು, ಗಾಳಿಗೆ ಅಡ್ಡಲಾಗಿ ಓಡಿ, ಉತ್ತಿದ ಬರಿ ಹೊಲ ಸೇರಬೇಕು.

ಭಾಷೆಯ ಮಾತೂ ಇಲ್ಲಿದೆ. ನಮ್ಮ ಮಕ್ಕಳು ಪಾಠ ಕಲಿಯುವುದು ಕನ್ನಡದಲ್ಲಿ. ಸರ್ಕಾರಿ ಸೂಚನೆ ಬರುವುದು ಮರಾಠಿಯಲ್ಲಿ. ‘ಕಾಳ್ಗಿಚ್ಚು’ ಎಂದರೆ ‘ವಣವಾ’, ‘ಬೆಂಕಿ ರೇಖೆ’ ಎಂದರೆ ‘ಜಾಳರೇಷಾ’ ಎಂಬುದು ಮಗುವಿಗೆ ತಿಳಿದಿರಬೇಕು. ಸಹಾಯಕ್ಕೆ 112, ಅಗ್ನಿಶಾಮಕ ದಳಕ್ಕೆ 101 ಎಂಬ ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ ಎರಡೂ ಭಾಷೆಗಳಲ್ಲಿ ಬರೆಸೋಣ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಹೇಳದೆ ಬಂದಿತು. ಮಲಗಿದ್ದವರಿಗೆ ಏಳಲೂ ಸಮಯ ಸಿಗಲಿಲ್ಲ. ಬೆಂಕಿ ಹಾಗಲ್ಲ. ಅದು ಪ್ರತಿವರ್ಷ ಇದೇ ತಿಂಗಳಲ್ಲಿ, ಇದೇ ಒಣಹುಲ್ಲಿನ ದಾರಿಯಲ್ಲಿ ಬರುತ್ತದೆ. ಹೋಳಿಗೆ ಮುಂಚೆ ಒಂದು ಭಾನುವಾರ ಶಾಲಾ ವ್ಯವಸ್ಥಾಪನ ಸಮಿತಿ, ಪಾಲಕರು ಮತ್ತು ಶಿಕ್ಷಕರು ಸೇರಿ ಕುಡುಗೋಲು ಹಿಡಿದರೆ ಆ ದಾರಿಯನ್ನು ಕಡಿಯಬಹುದು.