ಕೆಂಚಪ್ಪನ ಕೂದಲು, ಬಭ್ರುವಾಹನನ ಬಣ್ಣ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು - ಈ ನಾಲ್ಕು ತಾಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಆ ವರ್ಷ ಹಾವೇರಿ ಜಿಲ್ಲೆಗೆ ಸೇರಿದವು. ಜಿಲ್ಲೆಯ ಹೆಸರು ಬದಲಾಯಿತು; ಜನರ ಹೆಸರು ಬದಲಾಗಲಿಲ್ಲ. ಕರಿಯಪ್ಪ, ಕರಿಯವ್ವ, ಕೆಂಚಪ್ಪ, ಕೆಂಚವ್ವ ಎಂಬ ಹೆಸರುಗಳು ಈ ಸೀಮೆಯ ಹಳ್ಳಿಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿವೆ. ಹಿರಿಯನ ಹೆಸರಿಗೆ 'ನವರ' ಎಂದು ಸೇರಿಸಿ ಮನೆತನವನ್ನು ಗುರುತಿಸುವ ರೂಢಿ ಇಲ್ಲಿಯದು. ಆದ್ದರಿಂದ ಎಂದೋ ಬಾಳಿದ ಕೆಂಚಪ್ಪನೊಬ್ಬನ ಮೈಬಣ್ಣವೋ ಕೂದಲ ಬಣ್ಣವೋ ಅವನ ಮರಿಮಕ್ಕಳ ಶಾಲೆಯ ಹಾಜರಿ ಪುಸ್ತಕದವರೆಗೂ ನಡೆದು ಬಂದಿರುತ್ತದೆ.

ಕೆಂಚು ಎಂದರೇನು? ಅದು ಪೂರ್ತಿ ಕೆಂಪಲ್ಲ, ಪೂರ್ತಿ ಕಂದೂ ಅಲ್ಲ. ಬಿಸಿಲಿಗೆ ಹಿಡಿದ ತಾಮ್ರದ ತಂತಿಯಂತೆ ಹೊಳೆಯುವ ಕೂದಲು ಕೆಂಚು. ಅಂತಹ ಮೀಸೆ ಕೆಂಚು ಮೀಸೆ. ಆ ಬಣ್ಣದವನು ಕೆಂಚ, ಅಂತಹವಳು ಕೆಂಚಿ. ಮನೆಯ ನಾಯಿಗೂ ಈ ಹೆಸರು ಸಲ್ಲುವುದುಂಟು. ಮನೆಮಂದಿಯ ತಲೆಯೆಲ್ಲ ಕಾಡಿಗೆಯಂತೆ ಕಪ್ಪಾಗಿರುವಾಗ ಒಂದು ಮಗುವಿನ ಕೂದಲು ಮಾತ್ರ ಬೇರೆಯಾಗಿ ಕಂಡರೆ, ಆ ಬೇರೆತನವೇ ಹೆಸರಾಗಿಬಿಡುತ್ತದೆ.

ಕೆಂಪಿನ ಸಂಸಾರ

ಕನ್ನಡದಲ್ಲಿ 'ಕೆಂ' ಎಂಬ ಮೂಲರೂಪದ ಸಂಸಾರ ದೊಡ್ಡದು. ಕೆಂದಾವರೆ, ಕೆಂದಳಿರು, ಕೆಮ್ಮಣ್ಣು, ಕೆಂಗಣ್ಣು, ಕೆಂಜಿಗ, ಶಿವನ ಕೆಂಜೆಡೆ - ಇವೆಲ್ಲವೂ ಆ ಮನೆಯ ಮಕ್ಕಳೇ. ಹಳಗನ್ನಡದಲ್ಲಿ ಇದಕ್ಕೆ 'ಕಿಸು' ಎಂಬ ಇನ್ನೊಂದು ರೂಪವುಂಟು. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲು ಎಂದರೆ ಕೆಂಪು ಪಟ್ಟಣ. ತಾವರೆಯ ಕೆಂಪು, ಮಣ್ಣಿನ ಕೆಂಪು, ಇರುವೆಯ ಕೆಂಪು ಒಂದೇ ಅಲ್ಲವೆಂಬುದನ್ನು ಕಣ್ಣುಳ್ಳವರೆಲ್ಲ ಬಲ್ಲರು. ಆದರೂ ಕನ್ನಡ ಅವೆಲ್ಲವನ್ನೂ ಒಂದೇ ಸೂರಿನಡಿ ಇರಿಸಿಕೊಂಡಿತು. ಪಠ್ಯಪುಸ್ತಕ ಬಳಸುವ 'ಕಂದು' ಎಂಬುದಾದರೋ ಮೂಲತಃ ಬಣ್ಣದ ಹೆಸರೇ ಅಲ್ಲ. ಅದು ಬಾಡು, ಕಳೆಗುಂದು ಎಂಬರ್ಥದ ಕ್ರಿಯಾಪದ. ಕಂದಿದ ಮುಖ ಎನ್ನುವಾಗ ಆ ಹಳೆಯ ಅರ್ಥ ಇಂದಿಗೂ ಮಾತನಾಡುತ್ತದೆ.

ಫ್ರಾನ್ಸಿನ ತರುಣಿ, ಮಣಿಪುರದ ವೀರ

ಯೂರೋಪಿನ ಸಂಗತಿ ಬೇರೆ. ಅಲ್ಲಿ ಒಂದೇ ಬೀದಿಯಲ್ಲಿ ಹೊಂಬಣ್ಣದ, ಕೆಂಪು ಬಣ್ಣದ, ಕಂದು ಬಣ್ಣದ, ಕಪ್ಪು ಬಣ್ಣದ ತಲೆಗಳು ಕಾಣಸಿಗುತ್ತವೆ. ಆದ್ದರಿಂದ ಅಲ್ಲಿಯ ಭಾಷೆಗಳಿಗೆ ಕೂದಲಿಗೆಂದೇ ಹಲವು ಪದಗಳು ಬೇಕಾದವು. ಇಂಗ್ಲಿಷ್ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ 'ಬ್ರುನೆಟ್' ಎಂಬ ಪದ ಫ್ರೆಂಚಿನಿಂದ ಬಂದದ್ದು. 'ಬ್ರೂನ್' ಎಂದರೆ ಕಂದು ಬಣ್ಣ. ಅದಕ್ಕೆ ಅಲ್ಪತ್ವವನ್ನೂ ಸ್ತ್ರೀತ್ವವನ್ನೂ ಸೂಚಿಸುವ ಪ್ರತ್ಯಯ ಹತ್ತಿ ಬ್ರುನೆಟ್ ಆಯಿತು. ಕಂದುಗೂದಲ ಚಿಕ್ಕವಳು ಎಂದು ಅದರ ಅಕ್ಷರಾರ್ಥವನ್ನು ಹೇಳಬಹುದು.

ಆದರೆ 'ಬ್ರೂನ್' ಹುಟ್ಟಾ ಫ್ರೆಂಚ್ ಪದವಲ್ಲ. ಜರ್ಮಾನಿಕ್ ಭಾಷೆಯಿಂದ ಅಲ್ಲಿಗೆ ಬಂದದ್ದು. ಇಂಗ್ಲಿಷಿನ 'ಬ್ರೌನ್' ಅದರ ಒಡಹುಟ್ಟು. ಭಾಷಾಶಾಸ್ತ್ರಜ್ಞರು ಬೇರನ್ನು ಇನ್ನೂ ಆಳಕ್ಕೆ ಅಗೆದಾಗ ಸಿಕ್ಕ ಇನ್ನೊಂದು ಕವಲು ಸಂಸ್ಕೃತದ 'ಬಭ್ರು'. ಬಭ್ರು ಎಂದರೆ ಕೆಂಪು ಬೆರೆತ ಕಂದು. ಮುಂಗುಸಿಗೂ ಆ ಹೆಸರುಂಟು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿಸಿ ಕೇಳಿದ ಮನೆಗಳಲ್ಲಿ ಬಭ್ರುವಾಹನನನ್ನು ಅರಿಯದವರಿಲ್ಲ. ಚಿತ್ರಾಂಗದೆಯ ಮಗ, ತಂದೆ ಅರ್ಜುನನನ್ನೇ ಕಾಳಗದಲ್ಲಿ ಕೆಡಹಿದ ಮಣಿಪುರದ ದೊರೆ. 1977ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರ ಬಂದ ಮೇಲಂತೂ ಆತನ ಹೆಸರು ಮನೆಮಾತಾಯಿತು. ಪ್ಯಾರಿಸಿನ ತರುಣಿಯ ಕೂದಲಿಗೂ ಮಣಿಪುರದ ವೀರನ ಹೆಸರಿಗೂ ಹೀಗೆ ದೂರದ ರಕ್ತಸಂಬಂಧವುಂಟು.

ದೇಶ ದಾಟಿದ ಪದಗಳು

ಪದಗಳು ದೇಶ ದಾಟುವಾಗ ಅರ್ಥವನ್ನು ಜೋಪಾನವಾಗಿ ಕಟ್ಟಿಕೊಂಡು ಹೋಗುವುದಿಲ್ಲ. ಫ್ರೆಂಚರು ಕಂದುಗೂದಲಿಗೆ ಸಾಮಾನ್ಯವಾಗಿ 'ಶಾತೇನ್', ಅಂದರೆ ಚೆಸ್ಟ್‌ನಟ್ ಕಾಯಿಯ ಬಣ್ಣದ್ದು, ಎನ್ನುತ್ತಾರೆ. 'ಬ್ರೂನ್' ಅವರಿಗೆ ಇನ್ನೂ ಗಾಢವಾದದ್ದು. ರಷ್ಯನ್ನರ 'ಬ್ರ್ಯುನೆಟ್' ಕಪ್ಪು ಕೂದಲಿನವನು. ಸ್ಪೇನಿನವರು ಕಪ್ಪು ಕೂದಲಿನವರನ್ನು 'ಮೊರೆನೊ' ಎನ್ನುವರು. ಅದರ ಮೂಲ ಆ ದೇಶವನ್ನು ಆಳಿದ ಮೂರ್ ಜನರ ಹೆಸರು. ಅವರೇ ಹೊಂಬಣ್ಣದ ಕೂದಲಿಗೆ 'ರುಬಿಯೊ' ಎನ್ನುವರು. ಅದರ ಲ್ಯಾಟಿನ್ ಮೂಲದ ಅರ್ಥವೋ ಕೆಂಪು!

ಎಲ್ಲಕ್ಕಿಂತ ವಿಚಿತ್ರವಾದದ್ದು ಇಂಗ್ಲಿಷಿನ 'ಆಬರ್ನ್' ಪದದ ಕಥೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಬಿಳಿಚು ಎಂಬ ಅರ್ಥವಿತ್ತು. ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂದಾಗಲೂ ಅದು ತಿಳಿ ಹಳದಿಯ ಕೂದಲನ್ನೇ ಸೂಚಿಸುತ್ತಿತ್ತು. ಬರಬರುತ್ತ ಜನ ಅದನ್ನು 'ಅಬ್ರೂನ್' ಎಂಬಂತೆ ಬರೆಯತೊಡಗಿದರು. ಆ ಬರಹದಲ್ಲಿ ಕಂದಿನ 'ಬ್ರೂನ್' ಕಂಡಿತು. ಕಂಡದ್ದೇ ತಡ, ಅರ್ಥವೂ ಕೆಂಗಂದಿಗೆ ತಿರುಗಿತು. ಬಿಳಿಯಾಗಿದ್ದ ಪದ ಕಾಗುಣಿತದ ಹೊಡೆತಕ್ಕೆ ಕೆಂಚಾಯಿತು.

ಇನ್ನೊಂದು ಸಂಗತಿ ಗಮನಾರ್ಹ. ಬ್ಲಾಂಡ್, ಬ್ರುನೆಟ್ ಎಂಬ ಪದಗಳು ಕೂದಲನ್ನು ಬಿಟ್ಟು ಹೆಣ್ಣನ್ನೇ ಹಿಡಿದುಕೊಂಡವು. ಇಂಗ್ಲಿಷಿನಲ್ಲಿ ಗಂಡಸನ್ನು ಕುರಿತು 'ಬ್ರುನೆಟ್' ಎನ್ನುವುದು ಅಪರೂಪ. ಹೆಂಗಸಾದರೆ ಹೆಸರನ್ನೂ ಹೇಳದೆ ಕೂದಲಿನಿಂದಲೇ ಕರೆದುಬಿಡುವುದು ರೂಢಿಯಾಯಿತು. ಕನ್ನಡದ ಕೆಂಚ ಮತ್ತು ಕೆಂಚಿಯರಲ್ಲಿ ಆ ಪಕ್ಷಪಾತವಿಲ್ಲ.

ತಲೆಗೆಂದೇ ಹುಟ್ಟಿದ ಪದ

ಹಾಗಾದರೆ ಕೂದಲಿಗೆಂದೇ ಮೀಸಲಾದ ಬಣ್ಣದ ಮಾತು ಕನ್ನಡದಲ್ಲಿಲ್ಲವೇ? ಉಂಟು, ಅದು 'ನರೆ'. ಬಿಳಿಯ ಬಟ್ಟೆ, ಬಿಳಿಯ ಹಾಲು, ಬಿಳಿಯ ಎತ್ತು ಎನ್ನುವ ಕನ್ನಡಿಗ, ಮುಪ್ಪಿನ ತಲೆಯನ್ನು ಕಂಡೊಡನೆ ಬೇರೊಂದು ಪದವನ್ನು ತೆಗೆಯುತ್ತಾನೆ. ಬಟ್ಟೆ ನರೆಯುವುದಿಲ್ಲ, ಹಾಲು ನರೆಯುವುದಿಲ್ಲ. ನರೆಯುವುದು ತಲೆ, ಗಡ್ಡ, ಮೀಸೆ. ತಮಿಳಿನ 'ನರೈ', ಮಲಯಾಳದ 'ನರ', ತುಳುವಿನ 'ನರೆ' ಇದರ ಬಂಧುಗಳು. ಬರೋ ಮತ್ತು ಎಮೆನೊ 1961ರಲ್ಲಿ ಪ್ರಕಟಿಸಿದ ದ್ರಾವಿಡ ಪದಕೋಶ ಇವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದೆ.

ಸಂಸ್ಕೃತದಲ್ಲಿ ಇದಕ್ಕೆ 'ಪಲಿತ' ಎಂಬ ಪದವಿದೆ. ಅದರ ಗ್ರೀಕ್ ಬಂಧು 'ಪೊಲಿಯೋಸ್', ಎಂದರೆ ನರೆಬಣ್ಣ. ಬೆನ್ನುಹುರಿಯ ಬೂದುಬಣ್ಣದ ಭಾಗವನ್ನು ಹಾಳುಮಾಡುವ ರೋಗಕ್ಕೆ ವೈದ್ಯರು ಈ ಪದವನ್ನೇ ಆರಿಸಿ 'ಪೋಲಿಯೊ' ಎಂದು ಕರೆದರು. ಅಜ್ಜನ ತಲೆಯ ನರೆಗೂ ಮೊಮ್ಮಗನಿಗೆ ಹಾಕಿಸುವ ಪೋಲಿಯೊ ಹನಿಗೂ ಇರುವ ನಂಟನ್ನು ಬಲ್ಲವರು ವಿರಳ.

ನರೆ ನಮ್ಮವರಿಗೆ ಬರಿಯ ಬಣ್ಣವಾಗಿರಲಿಲ್ಲ. ಮಖಾದೇವ ಜಾತಕದ ಅರಸನು, ತಲೆಯಲ್ಲಿ ನರೆ ಕಂಡ ದಿನ ತಿಳಿಸಬೇಕೆಂದು ಕ್ಷೌರಿಕನಿಗೆ ಅಪ್ಪಣೆ ಮಾಡಿದ್ದನು. ಒಂದು ದಿನ ಕ್ಷೌರಿಕ ಆ ಕೂದಲನ್ನು ಚಿನ್ನದ ಚಿಮುಟದಿಂದ ಕಿತ್ತು ಅರಸನ ಅಂಗೈಯಲ್ಲಿರಿಸಿದ. ಅರಸ ಅದನ್ನು ದೇವದೂತನೆಂದು ಬಗೆದು, ರಾಜ್ಯವನ್ನು ಮಗನಿಗೊಪ್ಪಿಸಿ ಹೊರಟುಹೋದ. ಸೋಮದೇವಸೂರಿ 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿಯೂ ಒಂದು ನರೆಗೂದಲು ದೊರೆಯೊಬ್ಬನನ್ನು ಸಿಂಹಾಸನದಿಂದ ಇಳಿಸುತ್ತದೆ. ನರೆ ಕೆನ್ನೆಗಿಳಿಯುವ ಮೊದಲೇ ಎಚ್ಚೆತ್ತುಕೊಳ್ಳೆಂದು ಬಸವಣ್ಣನವರು ಹೇಳಿದ್ದೂ ಈ ದೂತನ ಸುದ್ದಿಯನ್ನೇ. ಮರಾಠಿಗರು ನರೆತ ಕೂದಲನ್ನು ಮಾಗಿದ ಕೂದಲೆನ್ನುತ್ತಾರೆ. ನಾವು ಹಣ್ಣು ಹಣ್ಣು ಮುದುಕ ಎನ್ನುತ್ತೇವೆ. ಎರಡು ಭಾಷೆಗಳೂ ಮುಪ್ಪನ್ನು ಕೊಳೆತವೆನ್ನದೆ ಪಕ್ವವೆಂದು ಕಂಡದ್ದು ದೊಡ್ಡ ಮಾತು.

ನರೆ ಕೆಂಚಾಗುವ ಬಗೆ

ನವಾಬರು 1948ರವರೆಗೆ ಆಳಿದ ಸವಣೂರಿನಲ್ಲಿ ಕನ್ನಡದ ಜೊತೆಗೆ ಉರ್ದುವೂ ಬೆಳೆದು ಬಂತು. ಕೂದಲ ಬಣ್ಣಕ್ಕೆ ಉರ್ದುವಿನಲ್ಲಿ 'ಖಿಜಾಬ್' ಎಂಬ ಹೆಸರು. ಮದರಂಗಿಯ ಸೊಪ್ಪನ್ನು ಅರೆದು ಹಚ್ಚಿದರೆ ಕಪ್ಪು ಕೂದಲಿನ ಮೇಲೆ ತುಸು ಹೊಳಪು ಮಾತ್ರ ಮೂಡುತ್ತದೆ. ನರೆತ ಗಡ್ಡಕ್ಕೆ ಹಚ್ಚಿದರೆ ಅದು ಕಿತ್ತಳೆಗೆಂಪಾಗುತ್ತದೆ. ನರೆ ಕೆಂಚಾಗುವುದು ಹೀಗೆ. ಅದರ ಮೇಲೆ ನೀಲಿಯ ಎಲೆಯ ಪುಡಿಯನ್ನು ಹಚ್ಚಿದರೆ ಕೆಂಚು ಕಪ್ಪಿಗೆ ತಿರುಗುತ್ತದೆ. ಕನ್ನಡಿಗನ ತಲೆಯ ಮೂರು ಬಣ್ಣಗಳೂ ಎರಡು ಗಿಡಗಳ ಸೊಪ್ಪಿನಲ್ಲಿ ಅಡಗಿವೆ.

ಹಸಿವಿನ ಬಣ್ಣ

ಕೆಂಚಿಗೆ ಇನ್ನೊಂದು ಮುಖವುಂಟು, ಅದು ವಿನೋದದ್ದಲ್ಲ. ಕೂದಲಿನ ಕಪ್ಪಿಗೆ ಕಾರಣವಾದ ಮೆಲನಿನ್ ಎಂಬ ದ್ರವ್ಯವನ್ನು ಬಿಸಿಲು ಕೆಡಿಸುತ್ತದೆ. ಎಣ್ಣೆ ಕಾಣದೆ ದಿನವೆಲ್ಲ ಹೊಲದ ಬಿಸಿಲಿನಲ್ಲಿರುವ ಮಕ್ಕಳ ಕೂದಲು ಕೆಂಚಾಗುವುದು ಇದರಿಂದ. ಆದರೆ ಆಹಾರದಲ್ಲಿ ಸಾಕಷ್ಟು ಪ್ರೋಟೀನು ದೊರೆಯದ ಮಗುವಿನ ಕೂದಲೂ ತೆಳುವಾಗಿ, ಕಳೆಗುಂದಿ, ಕೆಂಚಾಗುತ್ತದೆ. 1930ರ ದಶಕದಲ್ಲಿ ಪಶ್ಚಿಮ ಆಫ್ರಿಕದಲ್ಲಿ ದುಡಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಈ ರೋಗವನ್ನು ವಿವರಿಸಿ, ಅಲ್ಲಿಯ ಜನರ ಮಾತಿನ 'ಕ್ವಾಷಿಯೊರ್ಕರ್' ಎಂಬ ಹೆಸರನ್ನೇ ಜಗತ್ತಿಗೆ ತಿಳಿಸಿದರು. ಕೆಲಕಾಲ ಅನ್ನ ಸಿಕ್ಕಿ ಕೆಲಕಾಲ ಸಿಗದಿದ್ದರೆ ಒಂದೇ ಕೂದಲಿನಲ್ಲಿ ಕಪ್ಪು ಮತ್ತು ಕೆಂಚು ಪಟ್ಟೆಗಳು ಮೂಡುತ್ತವೆ. ಮಗು ಉಂಡ ದಿನಗಳ ಮತ್ತು ಉಪವಾಸದ ದಿನಗಳ ಲೆಕ್ಕವನ್ನು ಕೂದಲು ಬರೆದಿಡುತ್ತದೆ. ಕೆಲವರಿಗೆ ಕೆಂಚು ಹುಟ್ಟಿನಿಂದ ಬಂದದ್ದು, ಕೆಲವರಿಗೆ ಬಿಸಿಲಿನಿಂದ. ಕೆಲವರಿಗೆ ಮಾತ್ರ ಬರಿದಾದ ತಾಟಿನಿಂದ. ಶಾಲೆಯ ಅಂಗಳದಲ್ಲಿ 'ಏ ಕೆಂಚ' ಎಂದು ನಗುವ ಹುಡುಗರಿಗೆ ಈ ಭೇದ ತಿಳಿಯದು. ಹಿರಿಯರಿಗೆ ತಿಳಿಯಬೇಕು.

ಇಂದಿನ ಅಂಗಡಿಗಳಲ್ಲಿ ಕೂದಲ ಬಣ್ಣದ ಪೊಟ್ಟಣಗಳು ಸಾಲುಗಟ್ಟಿ ನಿಂತಿವೆ. ಮೇಲೆ ಬ್ರೌನ್, ಬರ್ಗಂಡಿ ಎಂಬ ಹೆಸರುಗಳು. ಹುಟ್ಟುಗೆಂಚನ್ನು ನಕ್ಕವರೇ ದುಡ್ಡು ಕೊಟ್ಟು ಆ ಪೊಟ್ಟಣವನ್ನು ಮನೆಗೆ ತರುತ್ತಾರೆ. ಬಣ್ಣ ಅದೇ, ಹೆಸರು ಬೇರೆ, ಮರ್ಯಾದೆ ಬೇರೆ. ಆಲೂರು ತಾಲೂಕಿನ ಹೊಸಕೋಟೆಯಲ್ಲಿ ಕೆಂಚಮ್ಮನೆಂದು ದೇವಿಯನ್ನೇ ಪೂಜಿಸುವ ನಾಡು ನಮ್ಮದು. ಮಗನಿಗೆ ಕೆಂಚಪ್ಪನೆಂದು ಹೆಸರಿಟ್ಟ ತಾಯಿ ಅದನ್ನು ಕೊರತೆಯೆಂದು ಬಗೆದಿರಲಿಲ್ಲ. ತನ್ನ ಮಗುವನ್ನು ನೂರು ಮಕ್ಕಳ ನಡುವೆ ಗುರುತಿಸುವ ಅಂದವೆಂದೇ ಬಗೆದಿದ್ದಳು.