ಮೋಡವಿರುವುದು ನೆಲದ ಮೇಲೆಯೇ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ಸೀಮೆ. ಮೋಡದ ಬೆಲೆಯೇನೆಂಬುದು ಇಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಆದರೆ ಗಣಕಯಂತ್ರಗಳ ಲೋಕದಲ್ಲಿ ‘ಕ್ಲೌಡ್’ ಎಂಬ ಇನ್ನೊಂದು ಮೋಡವಿದೆ. ಅದು ಆಕಾಶದಲ್ಲಿಲ್ಲ. ಹಾಗಾದರೆ ಎಲ್ಲಿದೆ, ಯಾವುದರಿಂದ ಆಗಿದೆ ಎಂಬುದನ್ನು ರೈತನ ಪಹಣಿಯನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸೋಣ.

ಹೊಲ ಯಾರದು, ಎಷ್ಟು, ಅಲ್ಲಿ ಬೆಳೆದುದೇನು ಎಂಬುದನ್ನು ತಿಳಿಸುವ ಪಹಣಿಯನ್ನು ಹಿಂದೆ ಗ್ರಾಮಲೆಕ್ಕಿಗರು ಕೈಯಿಂದ ಬರೆದಿಡುತ್ತಿದ್ದರು. ಬೆಳೆಸಾಲಕ್ಕೆ ಅದೇ ಆಧಾರ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ, ಸುಮಾರು 67 ಲಕ್ಷ ಭೂಮಾಲಿಕರ 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು; 2002ರ ವೇಳೆಗೆ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆಗ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಒಂದು ‘ಸರ್ವರ್’ ಇದ್ದಿತು. ಆಳಂದದ ಲೆಕ್ಕ ಆಳಂದದಲ್ಲಿ, ಜೇವರ್ಗಿಯದು ಜೇವರ್ಗಿಯಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಲ್ಲಿ ಅಂತಹ ಯಂತ್ರವನ್ನು ತಂಪಾಗಿಡುವುದು, ವಿದ್ಯುತ್ತು ಹೋದಾಗ ಕಾಪಾಡುವುದು, ಕೆಟ್ಟಾಗ ಸರಿಪಡಿಸುವುದು ಸುಲಭದ ಮಾತಲ್ಲ. ಮುಂದೆ ಈ ದಾಖಲೆಗಳನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಂದುಗೂಡಿಸಲಾಯಿತು.

ದತ್ತಾಂಶ ಕೇಂದ್ರವೆಂದರೆ ಯಂತ್ರಗಳ ಉಗ್ರಾಣ. ಕಬ್ಬಿಣದ ಚೌಕಟ್ಟುಗಳಲ್ಲಿ ಸರ್ವರುಗಳನ್ನು ಅಡ್ಡಲಾಗಿ ಪೇರಿಸಿರುತ್ತಾರೆ. ಒಂದು ‘ಯು’ ಎಂಬ ಅಳತೆಯ ಎತ್ತರ 44.45 ಮಿಲಿಮೀಟರ್. ಜೊತೆಗೆ ಮಾಹಿತಿ ತುಂಬಿದ ಡಿಸ್ಕುಗಳು, ಬ್ಯಾಟರಿಗಳು, ಡೀಸೆಲ್ ಜನರೇಟರು, ಎಡೆಬಿಡದೆ ಬೀಸುವ ತಂಪುಗಾಳಿ. ಒಂದೇ ಯಂತ್ರವು ಹಲವು ಯಂತ್ರಗಳಂತೆ ವರ್ತಿಸುವಂತೆ ಮಾಡುವ ‘ವರ್ಚುಯಲೈಸೇಷನ್’ ಎಂಬ ಉಪಾಯವೂ ಇಲ್ಲಿ ಬಳಕೆಯಲ್ಲಿದೆ. ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ ಇದನ್ನು ಸಾಧಿಸಿದ್ದರು. ಗಣಕಶಕ್ತಿಯೂ ದೂರವಾಣಿಯಂತೆ ಸಾರ್ವಜನಿಕ ಸೇವೆಯಾದೀತೆಂದು ಜಾನ್ ಮೆಕಾರ್ಥಿ 1961ರಲ್ಲಿ ಊಹಿಸಿದ್ದರು.

ಇಷ್ಟು ದೂರದಿಂದ ಉತ್ತರ ಬರಲು ತಡವಾಗದೆ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಜೇವರ್ಗಿಯಿಂದ ಬೆಂಗಳೂರಿಗೆ ಎಳೆಯ ಹಾದಿ 600 ಕಿಲೋಮೀಟರ್ ಎಂದು ಭಾವಿಸಿದರೆ, ಹೋಗಿಬರಲು ಬೇಕಾದುದು ಒಂದು ಸೆಕೆಂಡಿನ ಸಾವಿರದಲ್ಲಿ 6 ಭಾಗ ಮಾತ್ರ! ಕಾಯಬೇಕಾಗಿ ಬಂದರೆ ಅದಕ್ಕೆ ಕಾರಣ ದೂರವಲ್ಲ. ದಾರಿಯ ದಟ್ಟಣೆ, ಯಂತ್ರದ ಮೇಲಿನ ಹೊರೆ.

ಇಂತಹ ಉಗ್ರಾಣದ ಶಕ್ತಿಯನ್ನು ಬಾಡಿಗೆಗೆ ಕೊಡುವ ರೀತಿಗಳು ಮೂರು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2011ರಲ್ಲಿ ಇವುಗಳ ಲಕ್ಷಣವನ್ನು ಹೇಳಿತು. ತೊಗರಿಯ ಹೋಲಿಕೆಯಿಂದ ಇವನ್ನು ತಿಳಿಯಬಹುದು. ಬರಿಯ ಹೊಲವನ್ನು ಗುತ್ತಿಗೆಗೆ ಪಡೆದು, ಉಳುಮೆ, ಬಿತ್ತನೆ ಎಲ್ಲವನ್ನೂ ನಾವೇ ಮಾಡಿಕೊಳ್ಳುವುದು ಮೊದಲನೆಯದು. ಇದು ‘ಐಎಎಎಸ್’, ಯಂತ್ರ ಅವರದು, ಮೇಲಿನ ವ್ಯವಸ್ಥೆಯೆಲ್ಲ ನಮ್ಮದು. ಉತ್ತು ಹದಮಾಡಿ ನೀರಿನ ಅನುಕೂಲವನ್ನೂ ಒದಗಿಸಿದ ಹೊಲದಲ್ಲಿ ನಾವು ಬೀಜ ಮಾತ್ರ ಬಿತ್ತುವುದು ಎರಡನೆಯದು. ಇದು ‘ಪಿಎಎಎಸ್’, ನಾವು ಬರೆಯುವುದು ಕಾರ್ಯಕ್ರಮವನ್ನಷ್ಟೇ. ಬೇಯಿಸಿದ ಬೇಳೆ ನೇರವಾಗಿ ತಟ್ಟೆಗೆ ಬರುವುದು ಮೂರನೆಯದು; ಇದೇ ‘ಎಸ್‌ಎಎಎಸ್’. ಮನೆಯಲ್ಲಿಯೇ ಕುಳಿತು ಪಹಣಿಯನ್ನು ಪಡೆಯುವ ರೈತನ ಅನುಭವ ಈ ಮೂರನೆಯದನ್ನೇ ಹೋಲುತ್ತದೆ. ಸರ್ಕಾರಿ ಕಚೇರಿಗಳಿಗೆ ಈ ಬಗೆಯ ಸೇವೆಗಳನ್ನು ಒದಗಿಸುವ ಸಲುವಾಗಿ ಭಾರತದ ‘ಮೇಘರಾಜ’ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಆರಂಭವಾಯಿತು.

ಆದರೆ ಲಾಭವಿದ್ದಲ್ಲಿ ಬೆಲೆಯೂ ಉಂಟು. ಹಿಂದೆ ಜೇವರ್ಗಿಯ ಯಂತ್ರ ನಿಂತರೆ ಜೇವರ್ಗಿ ಮಾತ್ರ ಕಾಯುತ್ತಿತ್ತು. ಆಳಂದದ ಕೆಲಸ ನಡೆಯುತ್ತಿತ್ತು. ಈಗ ಕೇಂದ್ರ ನಿಂತರೆ ಮೂರು ತಾಲ್ಲೂಕುಗಳೂ ಒಟ್ಟಿಗೆ ಕಾಯಬೇಕು. ಆದ್ದರಿಂದಲೇ ಪ್ರತಿಗಳನ್ನು ಇಡುವುದು ಅವಶ್ಯ. ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವ 100ರಲ್ಲಿ 1 ಎಂದಿಟ್ಟುಕೊಳ್ಳೋಣ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಡಿಸ್ಕುಗಳೂ ಆ ವರ್ಷ ಕೆಡುವ ಸಂಭವ 10,000ದಲ್ಲಿ 1. ‘ಸಂಬಂಧವಿಲ್ಲದ’ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡೂ ಒಂದೇ ಕೋಣೆಯಲ್ಲಿದ್ದರೆ ಒಂದೇ ಬೆಂಕಿಗೆ ಎರಡೂ ಆಹುತಿಯಾಗಬಹುದು. ಆಗ ಈ ಲೆಕ್ಕ ನಿಲ್ಲದು. ಒಂದು ಪ್ರತಿ ದೂರದ ಊರಿನಲ್ಲಿರಬೇಕೆನ್ನುವುದು ಇದಕ್ಕಾಗಿಯೇ.

ಕ್ಲೌಡ್ ಎಂಬುದು ಯಂತ್ರವನ್ನು ಇಲ್ಲವಾಗಿಸುವ ಮಾಯೆಯಲ್ಲ. ಯಂತ್ರವನ್ನೂ ಅದನ್ನು ಕಾಯುವ ಹೊಣೆಯನ್ನೂ ಬೇರೊಂದೆಡೆಗೆ ಸಾಗಿಸುವ ಏರ್ಪಾಡು ಅದು. ಯಾವುದೇ ಸೇವೆಯನ್ನು ಪರಿಶೀಲಿಸುವಾಗ ನಾವು ಎರಡು ಪ್ರಶ್ನೆಗಳನ್ನು ಕೇಳಬೇಕು: ಯಾವ ಹೊಣೆ ಯಾರದು? ಇನ್ನೊಂದು ಪ್ರತಿ ಎಲ್ಲಿದೆ? ಹೊಲಕ್ಕೆ ಸಾಕ್ಷಿಯಾದ ಪಹಣಿಯ ಕ್ಷೇಮವು ಈ ಎರಡು ಉತ್ತರಗಳನ್ನು ಅವಲಂಬಿಸಿದೆ.